ಮೂರೂವರೆ ತಿಂಗಳ ಮರಿಗೆ ಹಸಿ ಮಾಂಸ ಶುರು ಮಾಡಬಹುದಾ?

ತುಂಗಾ ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ 11 ಕಿಲೋಮೀಟರ್ ಒಳಗೆ, ತೋಟದ ಮನೆ. ಒಂದೂವರೆ ತಿಂಗಳ ಹಿಂದೆ ಶಿವಮೊಗ್ಗದಿಂದ ಜರ್ಮನ್ ಶೆಫರ್ಡ್ ಮರಿ ತಂದೆವು. ಹೆಣ್ಣು, ಹೆಸರು ಚುಕ್ಕಿ. ಮೂರೂವರೆ ತಿಂಗಳು. ಅಡಿಕೆ ತೂಗುವ ತಕ್ಕಡಿಯಲ್ಲಿ ನಿಲ್ಲಿಸಿದರೆ 12 ಕೆಜಿ ಬಂತು.

ಬೆಳಿಗ್ಗೆ ರಾಗಿ ಗಂಜಿಗೆ ಹಾಲು ಹಾಕಿ ಕೊಡುತ್ತೇವೆ. ಮಧ್ಯಾಹ್ನ, ರಾತ್ರಿ ಹಾಲು ಅನ್ನ. ನಾವು ಕೋಳಿ ಮಾಡಿದ ದಿನ ನಾಲ್ಕು ಬೆಂದ ತುಂಡು. ಹದಿನೈದು ದಿನದಿಂದ ಬಿಟ್ಟು ಬಿಟ್ಟು ಭೇದಿ ಆಗುತ್ತಿದೆ. ಕಿವಿ ಹಿಂದೆ ಕೆರೆದುಕೊಳ್ಳುತ್ತಾಳೆ. ಆಟ, ಓಟ ಎಲ್ಲ ಸರಿಯಾಗಿದೆ.

ಬೆಂಗಳೂರಲ್ಲಿರುವ ನನ್ನ ಅತ್ತೆ ಮಗ ತನ್ನ ನಾಯಿಗೆ ಪೂರ್ತಿ ಹಸಿ ಮಾಂಸವೇ ಹಾಕುವುದು. ಕೂದಲು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ನಾನೇ ನೋಡಿದ್ದೇನೆ. ನಾಯಿ ತೋಳದ ಜಾತಿ, ಅದಕ್ಕೆ ಅನ್ನ ಅರಗುವುದೇ ಇಲ್ಲ ಅನ್ನುತ್ತಾನೆ. ನೂರರಲ್ಲಿ 80 ಪಾಲು ಮಾಂಸ, 10 ಪಾಲು ಮೂಳೆ, 10 ಪಾಲು ಲಿವರ್ ಥರದ್ದು ಅಂತ ಲೆಕ್ಕ ಬರೆದು ಕಳಿಸಿದ್ದಾನೆ. ಪೇಟೆಯ ಕೋಳಿ ಅಂಗಡಿಯಲ್ಲಿ ಕತ್ತು, ಕಾಲು, ಲಿವರ್ ಕಡಿಮೆ ದುಡ್ಡಿಗೆ ಕೊಡುತ್ತಾರೆ. ವಾರಕ್ಕೊಮ್ಮೆ ತಂದು ಫ್ರಿಜ್ಜಲ್ಲಿಟ್ಟರೆ ಆಯ್ತಲ್ವಾ ಅಂದುಕೊಂಡಿದ್ದೇನೆ. ನಮ್ಮದು ಒಂದೇ ಬಾಗಿಲಿನ ಫ್ರಿಜ್, ಮೇಲೆ ಸಣ್ಣ ಫ್ರೀಜರ್.

ಅಮ್ಮನಿಗೆ ಇಷ್ಟ ಇಲ್ಲ. ಮನೆಯಲ್ಲಿ 82 ವರ್ಷದ ಅಜ್ಜಿ ಇದ್ದಾರೆ, ಬಾಣಂತನಕ್ಕೆ ಬಂದ ತಂಗಿ ಇದ್ದಾಳೆ, ಮಗುವಿಗೆ ಐದು ತಿಂಗಳು. ಹಸಿ ಮಾಂಸದ ರುಚಿ ಹತ್ತಿದರೆ ನಾಯಿ ಕೋಳಿಗೂ ಕರುವಿಗೂ ಬಾಯಿ ಹಾಕುತ್ತೆ ಅನ್ನುವುದು ಅಜ್ಜಿಯ ಮಾತು. ಹಾಕಿ ನೋಡಿದವರು ಹೇಳಿ. ಅವಳಿಗೆ ಒಳ್ಳೆಯದಾಗಬೇಕು, ಅಷ್ಟೇ.

ವಿನೋಬನಗರ ರಾಟ್:

ನಾನು ಹಾಕುತ್ತೇನೆ. ನಾಲ್ಕು ವರ್ಷದ ರಾಟ್‌ವೀಲರ್, 38 ಕೆಜಿ. ದಿನಕ್ಕೆ ಸುಮಾರು 900 ಗ್ರಾಂ, ಎರಡು ಹೊತ್ತು. ದೊಡ್ಡ ನಾಯಿಗೆ ಮೈತೂಕದ ನೂರಕ್ಕೆ 2ರಿಂದ 3ರಷ್ಟು ಅಂತ ಲೆಕ್ಕ. ಈ ಪದ್ಧತಿಯನ್ನು 1990ರ ದಶಕದಲ್ಲಿ ಜನಪ್ರಿಯ ಮಾಡಿದ್ದು ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಅನ್ನುವ ಆಸ್ಟ್ರೇಲಿಯಾದ ಪಶುವೈದ್ಯರು. ಅದರಲ್ಲಿ ಮೂಳೆಗೆ ಮಾಂಸದಷ್ಟೇ ಬೆಲೆ. ಇದನ್ನು ಜನ ಮರೆಯುತ್ತಾರೆ. ನಮ್ಮವನ ಹಲ್ಲು ಬೆಳ್ಳಗಿದೆ, ಮಲ ಗಟ್ಟಿ ಮತ್ತು ಕಡಿಮೆ.

ಆದರೆ ನಾನು ಶುರು ಮಾಡಿದ್ದು ಅವನಿಗೆ ಎರಡು ವರ್ಷ ಆದ ಮೇಲೆ, ಡಾಕ್ಟರ್ ಹತ್ತಿರ ಕೂತು ಲೆಕ್ಕ ಹಾಕಿಸಿಕೊಂಡು. ಬೇರೆ ಡೀಪ್ ಫ್ರೀಜರ್ ಇದೆ. ಮನೆಯಲ್ಲಿ ಸಣ್ಣ ಮಕ್ಕಳಿಲ್ಲ. ಮರಿಗೆ ಹಾಕಿ ಅಂತ ನಾನು ಹೇಳಲಾರೆ.

ಕೆಂಚನ ಅಮ್ಮ:

ತಮ್ಮಾ, ಸ್ವಲ್ಪ ಉದ್ದ ಆಗುತ್ತೆ. ಆದರೂ ಪೂರ್ತಿ ಓದಿ.

ನಮ್ಮದು ಹೊಸನಗರ ತಾಲೂಕು, ನಗರ ಅನ್ನುವ ಊರಿನ ಕಡೆ. ಕೆಂಚ ನಮ್ಮ ಲ್ಯಾಬ್ರಡಾರ್. ಎರಡು ತಿಂಗಳ ಮರಿಯಾಗಿ ಬಂದ. ನನಗೂ ಯಾರೋ ಹಸಿ ಮಾಂಸವೇ ಸರಿ ಅಂದರು. ಮೂಳೆ ಗಂಟಲಿಗೆ ಸಿಕ್ಕಿದರೆ ಅಂತ ನನಗೆ ಹೆದರಿಕೆ. ದಿನಾ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತು, ಸಣ್ಣ ಚಾಕು ಹಿಡಿದು, ಒಂದು ಚೂರು ಮೂಳೆಯೂ ಇಲ್ಲದ ಹಾಗೆ ಬಿಡಿಸುತ್ತಿದ್ದೆ. ಮಗುವಿಗೆ ಮೀನಿನ ಮುಳ್ಳು ತೆಗೆಯುವ ಹಾಗೆ. ಎರಡೂವರೆ ತಿಂಗಳು ಬರೀ ಮೆತ್ತಗಿನ ಮಾಂಸ ತಿಂದ. ಮೈ ತುಂಬಿಕೊಂಡು ಎಷ್ಟು ಚೆಂದ ಕಾಣುತ್ತಿದ್ದ ಗೊತ್ತಾ.

ನಮ್ಮ ಜಗಲಿಗೆ ಮೂರು ಮೆಟ್ಟಿಲು. ಒಂದು ದಿನ ಎರಡನೇ ಮೆಟ್ಟಿಲಿಗೆ ಮುಂಗಾಲು ಇಟ್ಟು ಹಾಗೇ ನಿಂತ. ಮೇಲೂ ಹತ್ತಲಿಲ್ಲ, ಕೆಳಗೂ ಇಳಿಯಲಿಲ್ಲ. ನನ್ನ ಮುಖ ನೋಡುತ್ತಾ ನಿಂತಿದ್ದ. ಎತ್ತಿಕೊಳ್ಳಲು ಹೋದರೆ ಕೂಗಿದ. ವಾರದೊಳಗೆ ಮುಂಗಾಲು ಎರಡೂ ಹೊರಗೆ ಬಾಗಿದ ಹಾಗೆ ಕಾಣಿಸಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರ್ ಫಿಲಂ ಬೆಳಕಿಗೆ ಹಿಡಿದರು. ಮೂಳೆ ಬೆಳ್ಳಗೆ ಕಾಣಬೇಕಲ್ವಾ, ಅಲ್ಲಿ ಮೂಳೆಯೂ ಸುತ್ತಲಿನ ಮಾಂಸವೂ ಹೆಚ್ಚು ಕಡಿಮೆ ಒಂದೇ ಬೂದಿ ಬಣ್ಣ. ಹಿಂಗಾಲಿನ ತೊಡೆಯಲ್ಲಿ ಕೂದಲೆಳೆಯಷ್ಟು ಒಂದು ಗೆರೆ. ಎಲ್ಲಿಂದ ಬಿದ್ದ ಅಂತ ಕೇಳಿದರು. ಎಲ್ಲಿಂದಲೂ ಬಿದ್ದಿಲ್ಲ ಅಂದೆ. ಹಾಗಾದರೆ ಏನು ಹಾಕುತ್ತಿದ್ದೀರಿ ಅಂದರು.

ಅವರು ವಿವರಿಸಿದ್ದು ಇಷ್ಟು. ಬರೀ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಕೋಳಿ ಎದೆ ಮಾಂಸ 100 ಗ್ರಾಂ ತಗೊಂಡರೆ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ 10ರ ಆಸುಪಾಸು. ಮರಿಗೆ ಬೇಕಾದದ್ದು ರಂಜಕಕ್ಕಿಂತ ಸ್ವಲ್ಪ ಜಾಸ್ತಿ ಕ್ಯಾಲ್ಸಿಯಂ. ಊಟದಲ್ಲಿ ಸಿಗದಿದ್ದರೆ ದೇಹ ಸುಮ್ನೆ ಕೂರುವುದಿಲ್ಲ. ರಕ್ತದಲ್ಲಿ ಮಟ್ಟ ಕಾಯ್ದುಕೊಳ್ಳಲು ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ನಾನು ಪ್ರೀತಿಯಿಂದ ಬಿಡಿಸಿ ಎಸೆದ ಮೂಳೆಯೇ ಅವನಿಗೆ ಬೇಕಾಗಿತ್ತು.

ಅಡಿಕೆ ದಬ್ಬೆಯಲ್ಲಿ ಸಣ್ಣ ಬೇಲಿ ಕಟ್ಟಿ ಏಳು ವಾರ ಅವನನ್ನು ಅದರೊಳಗೇ ಇಟ್ಟೆವು. ಓಡಬಾರದು, ಹಾರಬಾರದು. ಊಟ ಬದಲಾಯಿಸಿದೆವು. ದೇವರ ದಯೆ, ಗೆರೆ ಕೂಡಿಕೊಂಡಿತು. ಈಗ ಅವನಿಗೆ ನಾಲ್ಕು ವರ್ಷ. ಎಡ ಮುಂಗಾಲು ಇವತ್ತಿಗೂ ಸ್ವಲ್ಪ ಹೊರಗೆ ತಿರುಗಿದೆ. ಮಳೆಗಾಲದಲ್ಲಿ ಬೆಳಿಗ್ಗೆ ಏಳುವಾಗ ಕುಂಟುತ್ತಾನೆ.

ಹಾಗಂತ ಕ್ಯಾಲ್ಸಿಯಂ ಟಾನಿಕ್ ತಂದು ಸುರಿಯಬೇಡಿ. ಶೆಫರ್ಡ್, ಲ್ಯಾಬ್ ಥರದ ದೊಡ್ಡ ಜಾತಿಯ ಮರಿಗಳಿಗೆ ಜಾಸ್ತಿಯಾದರೂ ಮೂಳೆ ಮತ್ತು ಕೀಲು ಕೆಡುತ್ತದೆ. ಸಣ್ಣ ಮರಿಗೆ ಬೇಡದ್ದನ್ನು ಕರುಳಲ್ಲೇ ತಡೆಯುವ ಶಕ್ತಿ ಕಡಿಮೆ. ನಿಮ್ಮ ರಾಗಿ ಒಳ್ಳೆಯದೇ, 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಅದು ಪೂರ್ತಿ ಮೈಗೆ ಹತ್ತುವುದಿಲ್ಲ. ಚುಕ್ಕಿಯಷ್ಟು ಮರಿಗೆ ದಿನಕ್ಕೆ 3 ಗ್ರಾಂಗೂ ಮೇಲೆ ಬೇಕು. ಗಂಜಿ ಹಾಲಿನಿಂದ ಆಗುವ ಕೆಲಸ ಅಲ್ಲ.

ಇನ್ನು ಕರೆಂಟು. ಬೆಂಗಳೂರಲ್ಲಿ ನಡೆಯುವುದು ನಮ್ಮಲ್ಲಿ ಯಾಕೆ ನಡೆಯುವುದಿಲ್ಲ ಅಂದರೆ ಇದಕ್ಕೇ. ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದರೆ ನಮಗೆ ನಾಲ್ಕು ದಿನ ಕತ್ತಲು. ಮಾಂಸ ಕರಗಿ ನೀರಾಗುತ್ತದೆ. ಕರೆಂಟು ಬಂದ ಮೇಲೆ ಮತ್ತೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಲೋಟ ನೀರು ಗಟ್ಟಿ ಮಾಡಿ, ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರಲ್ಲಿ ಬಿಡಿ. ನಾಣ್ಯ ತಳಕ್ಕೆ ಹೋಗಿದ್ದರೆ ಒಳಗೆ ಎಲ್ಲ ಕರಗಿತ್ತು ಅಂತ ಅರ್ಥ. ನಾವು ತಿನ್ನುವ ಮೀನು, ಮಾಂಸಕ್ಕೂ ನಾನು ಇದನ್ನೇ ಮಾಡುವುದು. ಇನ್ನೊಂದು, ಗಟ್ಟಿ ಮಾಡಿದ ಮಾತ್ರಕ್ಕೆ ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತದೆ. ನಾಯಿ ಅದನ್ನು ಅರಗಿಸಿಕೊಂಡು ಆರಾಮಾಗಿ ಓಡಾಡಬಹುದು. ಆದರೆ ಅದರ ಮಲದಲ್ಲಿ ಬರುತ್ತದೆ, ಬಾಯಲ್ಲೂ ಇರಬಹುದು. ಐದು ತಿಂಗಳ ಮಗು ಇನ್ನೆರಡು ತಿಂಗಳಿಗೆ ಅದೇ ನೆಲದಲ್ಲಿ ಅಂಬೆಗಾಲು ಇಡುತ್ತೆ. ನಿಮ್ಮ ಮನೆಗೆ ಹಸಿ ಮಾಂಸ ಬೇಡ ಅಂತ ನಾನು ಹೇಳುವುದು ಇದಕ್ಕೆ.

ಅನ್ನ ಅರಗುವುದಿಲ್ಲ ಅನ್ನುವುದು ಸುಳ್ಳು. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದಾರೆ. ಪಿಷ್ಟ ಅರಗಿಸುವ ಒಂದು ಜೀನ್ ತೋಳಗಳಲ್ಲಿ ಎರಡೇ ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇದೆ. ಸಾವಿರಾರು ವರ್ಷ ಮನುಷ್ಯರ ಜೊತೆ ಉಂಡು ಬಂದ ಪ್ರಾಣಿ ಅದು. ಅಜ್ಜಿಗೂ ಹೇಳಿ, ಕೋಳಿ ಅಟ್ಟುವುದು ಹಸಿ ಮಾಂಸದ ರುಚಿಯಿಂದ ಅಲ್ಲ. ಕೆಂಚ ಹಸಿ ಮಾಂಸ ಬಾಯಿಗೆ ಹಾಕುವ ಮೊದಲೇ ಅಟ್ಟುತ್ತಿದ್ದ. ಸಣ್ಣವರಿದ್ದಾಗಲೇ ಬೇಡ ಅಂತ ಕಲಿಸಬೇಕು.

ತುಮರಿ ಭಟ್ಟರ ಮನೆ:

ಕೆಂಚನ ಅಮ್ಮನವರೇ, ಓದಿ ಹೊಟ್ಟೆ ಚುರ್ ಅಂತು. ನಮ್ಮ ಮನೆಗೆ ಮಾಂಸ ಬರುವುದಿಲ್ಲ. ನಾಯಿಗೆ ಅಂತ ಮೊಟ್ಟೆ ಮಾತ್ರ ಕೊಟ್ಟಿಗೆ ಪಕ್ಕದ ಒಲೆಯಲ್ಲಿ ಬೇಯಿಸುತ್ತೇವೆ. ಬಾಕಿ ಅನ್ನ, ಮಜ್ಜಿಗೆ, ಬೆಂದ ಬೇಳೆ. ದೊಡ್ಡ ನಾಡು ನಾಯಿ, ಎಂಟು ವರ್ಷದಿಂದ ಗಟ್ಟಿಯಾಗಿದ್ದಾನೆ. ಮೊಟ್ಟೆ ಹಸಿಯಾಗಿ ಕೊಡಬಾರದಾ?

ಕೆಂಚನ ಅಮ್ಮ:

ಬೇಯಿಸಿಯೇ ಕೊಡಿ ಅಣ್ಣ. ಹಸಿ ಬಿಳಿ ಭಾಗದಲ್ಲಿ ಅವಿಡಿನ್ ಅನ್ನುವುದು ಇರುತ್ತದೆ. ದಿನಾ ಕೊಟ್ಟರೆ ಬಯೋಟಿನ್ ಅನ್ನುವ ವಿಟಮಿನ್ ಮೈಗೆ ಹತ್ತದ ಹಾಗೆ ಮಾಡುತ್ತದೆ. ಬೆಂದರೆ ಆ ತೊಂದರೆ ಇಲ್ಲ. ಉಪ್ಪು, ಒಗ್ಗರಣೆ, ಈರುಳ್ಳಿ ಇಲ್ಲದ್ದನ್ನೇ ಹಾಕಿ.

ಸೊರಬ ಕಾಂಪೌಂಡರ್:

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಒಂದು ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೋಳಿ ಬಿಡಿ, ಮಾರಿಹಬ್ಬದಲ್ಲಿ ಕುರಿ ಕಡಿದಾಗ ಶ್ವಾಸಕೋಶ, ಲಿವರ್ ತುಂಡನ್ನು ಅಲ್ಲೇ ನಾಯಿಗೆ ಎಸೆಯುತ್ತೇವಲ್ಲ, ಅದನ್ನು ನಿಲ್ಲಿಸಬೇಕು. ಲಿವರ್ ಮೇಲೆ ಕೆಲವು ಸಲ ನೀರು ತುಂಬಿದ ಗುಳ್ಳೆ ಇರುತ್ತದೆ. ಬಟಾಣಿಯಷ್ಟೂ ಇರಬಹುದು, ನಿಂಬೆಹಣ್ಣಿನಷ್ಟೂ ಇರಬಹುದು. ಅದು ಹೈಡಾಟಿಡ್ ಗುಳ್ಳೆ. ಹಸಿಯಾಗಿ ತಿಂದ ನಾಯಿಯ ಕರುಳಲ್ಲಿ ಎಕಿನೊಕಾಕಸ್ ಅನ್ನುವ ಲಾಡಿಹುಳು ಆಗುತ್ತದೆ. ಹುಳು ಕೆಲವೇ ಮಿಲಿಮೀಟರ್ ಉದ್ದ, ಮಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಾಯಿಗೂ ಏನೂ ಆದ ಹಾಗೆ ಕಾಣುವುದಿಲ್ಲ. ಮೊಟ್ಟೆ ಮಲದಲ್ಲಿ ಬಂದು ಕೂದಲಿಗೆ, ಸೊಪ್ಪಿಗೆ, ಮಕ್ಕಳ ಕೈಗೆ ಅಂಟುತ್ತದೆ. ಮನುಷ್ಯರ ಹೊಟ್ಟೆಗೆ ಹೋದರೆ ಲಿವರಲ್ಲೋ ಶ್ವಾಸಕೋಶದಲ್ಲೋ ಅದೇ ಗುಳ್ಳೆ ವರ್ಷಗಟ್ಟಲೆ ಬೆಳೆಯುತ್ತದೆ. ಆಪರೇಷನ್ ತನಕ ಹೋಗುವುದೂ ಉಂಟು.

ಚೆನ್ನಾಗಿ ಕುದಿಸಿದರೆ ಗುಳ್ಳೆ ಸಾಯುತ್ತದೆ. ಗುಳ್ಳೆ ಕಂಡ ಭಾಗವನ್ನು ಸುಡಿ, ಇಲ್ಲ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ಜಂತುಹುಳದ ಮಾತ್ರೆ ಕೊಡುವಾಗ ಪ್ರಾಜಿಕ್ವಾಂಟೆಲ್ ಇದೆಯಾ ಅಂತ ಪಟ್ಟಿಯ ಮೇಲೆ ಓದಿ. ಈ ಹುಳಕ್ಕೆ ಅದೇ ಬೇಕು.

ಚುಕ್ಕಿಯ ಭೇದಿಗೆ ಮೊದಲು ಮಲ ಪರೀಕ್ಷೆ ಮಾಡಿಸಿ. ಮರಿಗಳಲ್ಲಿ ಜಂತುಹುಳ ಸಾಮಾನ್ಯ. ಮರಿಗಳಿಗೆ ವಾಂತಿ ಭೇದಿ ತರುವ ಪಾರ್ವೋ ವೈರಸ್ಸಿನ ಲಸಿಕೆ ಎಲ್ಲ ಡೋಸ್ ಆಗಿದೆಯಾ? ಹಾಲು ಇವತ್ತೇ ನಿಲ್ಲಿಸಿ. ತಾಯಿ ಬಿಟ್ಟ ಮರಿಗೆ ಹಸುವಿನ ಹಾಲು ಜಾಸ್ತಿಯಾದರೆ ಭೇದಿ ಆಗುತ್ತದೆ.

ತುಂಗಾ ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ತಿಪಟೂರಿಗೆ ಹೋಗಿದ್ದ ಅಪ್ಪ ಬಂದ ಕೂಡಲೇ ಎಲ್ಲರಿಗೂ ಓದಿ ಹೇಳಿದೆ. ಹಸಿ ಮಾಂಸ ಬಿಟ್ಟೆವು. ಇವತ್ತು ಮಲ ಪರೀಕ್ಷೆ ಆಯಿತು, ಜಂತುಹುಳದ ಮೊಟ್ಟೆ ಇದೆ ಅಂದರು, ಔಷಧಿ ಕೊಟ್ಟಿದ್ದಾರೆ. ಪಾರ್ವೋ ಎರಡು ಡೋಸ್ ಆಗಿದೆ, ಮೂರನೆಯದು ಮುಂದಿನ ವಾರ. ಅಕ್ಕಾ, ಈಗ ದಿನಾ ಏನು ಹಾಕಲಿ? ಅವಳ ಮೂಳೆ ಸರಿ ಇದೆಯಾ ಅಂತ ಹೇಗೆ ತಿಳಿಯುವುದು?

ಕೆಂಚನ ಅಮ್ಮ:

ಒಳ್ಳೆಯದಾಯಿತು ತಮ್ಮಾ. ಒಂದು ವರ್ಷ ಆಗುವ ತನಕ, ದೊಡ್ಡ ಜಾತಿಯ ಮರಿಗೆ ಅಂತ ಚೀಲದ ಮೇಲೆ ಬರೆದಿರುವ ಪಪ್ಪಿ ಫುಡ್ಡನ್ನೇ ಮುಖ್ಯ ಊಟ ಮಾಡಿ. ದುಬಾರಿ, ಗೊತ್ತು. ಆದರೆ ಕ್ಯಾಲ್ಸಿಯಂ, ರಂಜಕ ಸರಿಯಾಗಿ ಕೂಡಿಸಿರುತ್ತಾರೆ, ಈ ವಯಸ್ಸಿಗೆ ಬೇಕಾದ್ದು ಅದೇ. ಉಗುರು ಬಿಸಿ ನೀರಲ್ಲಿ ನೆನೆಸಿ ದಿನಕ್ಕೆ ಮೂರು ಹೊತ್ತು ಕೊಡಿ. ಏಳೆಂಟು ದಿನ ಅನ್ನಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬದಲಾಯಿಸಿ. ಮೇಲೆ ಬೆಂದ ಕೋಳಿ ಅಥವಾ ಸಿಹಿಕುಂಬಳ, ಹತ್ತರಲ್ಲಿ ಒಂದು ಪಾಲು ಮೀರದ ಹಾಗೆ. ಬೆಂದ ಮೂಳೆ ಮಾತ್ರ ಖಂಡಿತ ಬೇಡ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಅಂಗಡಿಯ ಕತ್ತು ತಂದರೆ ಬೇಯಿಸಿ, ಮಾಂಸ ಬಿಡಿಸಿಕೊಂಡು ಮೂಳೆ ಎಸೆದುಬಿಡಿ.

ಮೂಳೆ ನೋಡಲು ಹೀಗೆ ಮಾಡಿ. ಸಿಮೆಂಟ್ ನೆಲದ ಮೇಲೆ ನೇರ ನಿಲ್ಲಿಸಿ, ನೀವು ನೆಲಕ್ಕೆ ಕೂತು ಎದುರಿಂದ ಅವಳ ಮುಂಗಾಲಿನ ಫೋಟೋ ತೆಗೆಯಿರಿ. ಪ್ರತಿ ಭಾನುವಾರ, ಅದೇ ಜಾಗ. ಮಣಿಕಟ್ಟು ಬಾಗಿದರೆ, ಪಾದ ಹೊರಗೆ ತಿರುಗಿದರೆ, ಮೆಟ್ಟಿಲ ಹತ್ತಿರ ತಡೆದು ನಿಂತರೆ, ಅವತ್ತೇ ಡಾಕ್ಟರ್ ಹತ್ತಿರ ಹೊರಡಿ. ಮೊದಲ ಫೋಟೋ ಇಲ್ಲಿ ಹಾಕಿ, ನಾನೂ ನೋಡುತ್ತೇನೆ.