ಡ್ರ್ಯಾಗನ್‌ಫ್ಲೈ ಮರಿಯ ಹೊಟ್ಟೆಯೊಳಗೆ ಬಿಳಿ ಮಣಿಗಳು, ಏನಿವು?

ಕೊಳದಂಚು:
ಎಲ್ಲರಿಗೂ ನಮಸ್ಕಾರ. ಕೊಳದಿಂದ ತಂದ ಡ್ರ್ಯಾಗನ್‌ಫ್ಲೈ ಮರಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುತ್ತಿದ್ದೇನೆ (ಏರೋಪ್ಲೇನ್ ಚಿಟ್ಟೆ ಅಂತೀವಲ್ಲ, ಅದರದ್ದೇ). ನಿನ್ನೆ ಒಂದು ಸತ್ತುಹೋಯಿತು, ತುಂಬಾ ಬೇಜಾರಾಯಿತು. ಹೊಟ್ಟೆ ಬಿಡಿಸಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದರೆ, ಬಾಲದ ಕಡೆ, ಕರುಳಿನ ಕೊನೆಯಲ್ಲಿ ಬಿಳಿ ಮಣಿಗಳಂಥವು ಅಂಟಿಕೊಂಡಿದ್ದವು. ಎಣಿಸಿದೆ, 11 ಇದ್ದವು. ಮೊಟ್ಟೆ ಇರಬೇಕು ಅಂದುಕೊಂಡು ಒಂದನ್ನು ಸೂಜಿಯಿಂದ ಮೆಲ್ಲಗೆ ಒತ್ತಿದೆ. ಪೊರೆ ಒಡೆದು ಒಳಗಿಂದ ಚಪ್ಪಟೆಯಾದ ಏನೋ ಒಂದು ಹಿಗ್ಗುತ್ತಾ ಕುಗ್ಗುತ್ತಾ ಹೊರಗೆ ಬಂತು! ಇದು ತಿಂದ ಆಹಾರದಿಂದ ಬಂದಿದ್ದಾ? ಉಳಿದ ಮರಿಗಳಿಗೂ ಹರಡುತ್ತಾ? ತೊಟ್ಟಿಯಲ್ಲಿ ಐದು ಬಸವನಹುಳುಗಳೂ ಇವೆ.

ಕಪ್ಪೆಗಣ್ಣು:
ಅದು ಮೊಟ್ಟೆ ಅಲ್ಲ, ಪರಾವಲಂಬಿ ಚಪ್ಪಟೆ ಹುಳುವಿನ ಮರಿ. ಈ ಹಂತಕ್ಕೆ ಮೆಟಾಸರ್ಕೇರಿಯಾ ಅಂತಾರೆ. ಬಾಯಿಂದ ಹೋಗಿದ್ದಲ್ಲ, ಹಿಂದಿನಿಂದ ಹೋಗಿದೆ. ಡ್ರ್ಯಾಗನ್‌ಫ್ಲೈ ಮರಿಯ ಕಿವಿರು ಇರುವುದು ಗುದನಾಳದ ಒಳಗೆ, ಉಸಿರಾಡೋಕೆ ಅದು ಹಿಂಭಾಗದಿಂದ ನೀರು ಎಳೆದುಕೊಂಡು ಹೊರಗೆ ಬಿಡುತ್ತಲೇ ಇರುತ್ತದೆ. ನೀರಲ್ಲಿ ಈಜುವ ಬಾಲದ ಮರಿಹುಳು, ಅಂದರೆ ಸರ್ಕೇರಿಯಾ, ಆ ನೀರಿನ ಜೊತೆಗೇ ಒಳಗೆ ಸೇರಿಕೊಳ್ಳುತ್ತದೆ. ಆಮೇಲೆ ಬಾಲ ಕಳಚಿಕೊಂಡು ಪೊರೆ ಕಟ್ಟಿಕೊಂಡು ಕೂರುತ್ತದೆ. ಸತ್ತಿದ್ದಕ್ಕೆ ಇದೇ ಕಾರಣ ಅಂತ ಮಾತ್ರ ಈಗಲೇ ತೀರ್ಮಾನಿಸಬೇಡಿ. ಬೆಳೆಯುವಾಗ ಮೈಮೇಲಿನ ಹಳೆ ಪೊರೆ ಕಳಚುವ ಹೊತ್ತಲ್ಲೂ ಡ್ರ್ಯಾಗನ್‌ಫ್ಲೈ ಮರಿಗಳು ಸಾಯುತ್ತವೆ.

ಕೊಳದಂಚು:
ಅಯ್ಯೋ, ಉಸಿರಾಟದ ದಾರಿಯಲ್ಲೇ! ಹಾಗಾದ್ರೆ ರೆಕ್ಕೆ ಬಂದು ಹಾರಿಹೋದ ಮೇಲೆ ಆ ಹುಳು ಏನಾಗುತ್ತೆ?

ಜೌಗುನೆಲ:
ಜೊತೆಗೇ ಹಾರಿಹೋಗುತ್ತೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗವೇ ಇದು. ಕಪ್ಪೆಯ ಶ್ವಾಸಕೋಶದಲ್ಲಿ ರಕ್ತ ಕುಡಿದು ಬದುಕುವ ಹೆಮಟೋಲೀಕಸ್ ಅನ್ನೋ ಹುಳುವನ್ನೇ ತಗೊಳ್ಳಿ. ಅದರ ಮೊಟ್ಟೆ ಕಪ್ಪೆಯ ಮಲದ ಜೊತೆ ನೀರಿಗೆ ಬೀಳುತ್ತದೆ, ಬಸವನಹುಳು ಅದನ್ನು ತಿನ್ನುತ್ತದೆ, ಅದರ ಮೈಯೊಳಗೆ ಒಂದು ಮೊಟ್ಟೆಯಿಂದಲೇ ಎಷ್ಟೋ ಸರ್ಕೇರಿಯಾಗಳು ಹುಟ್ಟಿ ಹೊರಬರುತ್ತವೆ, ಡ್ರ್ಯಾಗನ್‌ಫ್ಲೈ ಮರಿಯೊಳಗೆ ಸೇರುತ್ತವೆ, ಮರಿ ದೊಡ್ಡದಾಗಿ ರೆಕ್ಕೆ ಬಿಚ್ಚಿದರೂ ಒಳಗೇ ಕಾಯುತ್ತಿರುತ್ತವೆ. ಆ ಡ್ರ್ಯಾಗನ್‌ಫ್ಲೈಯನ್ನು ಕಪ್ಪೆ ನುಂಗಿದರೆ ಸುತ್ತು ಪೂರ್ತಿ. ಪ್ರೋಸ್ಟೋಗೋನಿಮಸ್ ಅನ್ನೋ ಇನ್ನೊಂದು ಹುಳುವಿಗೆ ಹಕ್ಕಿ ಬೇಕು. ಅದು ಕೋಳಿ, ಬಾತುಗಳ ಅಂಡನಾಳಕ್ಕೆ ಸೇರಿಕೊಂಡರೆ ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ, ಕೆಲವೊಮ್ಮೆ ಚಿಪ್ಪೇ ಇರೋದಿಲ್ಲ.

ಕಪ್ಪೆಗಣ್ಣು:
ಹರಡುವ ಪ್ರಶ್ನೆಗೆ ಉತ್ತರ ಕೊಡೋದು ಮರೆತಿದ್ದೆ. ಮರಿಯಿಂದ ಮರಿಗೆ ಹರಡೋದಿಲ್ಲ, ನಡುವೆ ಬಸವನಹುಳು ಬೇಕೇ ಬೇಕು. ನಿಮ್ಮ ಬಸವನಹುಳುಗಳಲ್ಲಿ ಒಂದೊಂದನ್ನೂ ಬೇರೆ ಬೇರೆ ಗಾಜಿನ ಲೋಟದ ನೀರಿನಲ್ಲಿ ಬಿಟ್ಟು ಕೆಲವು ಗಂಟೆ ಬೆಳಕಿನಲ್ಲಿಡಿ. ಆಮೇಲೆ ಹಿಂದೆ ಕಪ್ಪು ಕಾಗದ ಹಿಡಿದು, ಸರ್ಕೇರಿಯಾ ಹೊರಬಂದಿವೆಯಾ ಅಂತ ಲೆನ್ಸ್‌ನಲ್ಲಿ ನೋಡಿ. ಕೈಗವಸು ಹಾಕ್ಕೊಳ್ಳಿ, ಯಾಕಂದ್ರೆ ಕೆಲವು ಜಾತಿಯ ಸರ್ಕೇರಿಯಾ ನಮ್ಮ ಚರ್ಮಕ್ಕೂ ಹೊಕ್ಕು ತುರಿಕೆ ತರುತ್ತವೆ. ಕೆಲವು ಜಾತಿ ರಾತ್ರಿ ಹೊತ್ತು ಹೊರಬರುತ್ತವೆ, ಹಾಗಾಗಿ ಬೆಳಗ್ಗೆ ಇನ್ನೊಂದು ಸಲ ನೋಡಿ.

ಕೊಳದಂಚು:
ನೋಡಿದೆ. ಹಗಲು ಏನೂ ಕಾಣಲಿಲ್ಲ. ಇವತ್ತು ಬೆಳಗ್ಗೆ ಮೂರನೇ ಲೋಟದಲ್ಲಿ ಬಿಳಿ ಚುಕ್ಕೆಗಳು, ಬಾಲ ಬಡಿಯುತ್ತಾ ಮೇಲೆ ಕೆಳಗೆ ಈಜುತ್ತಿವೆ! ಉಳಿದ ನಾಲ್ಕು ಲೋಟ ತಿಳಿಯಾಗಿವೆ. ಐದನ್ನೂ ತೊಟ್ಟಿಗೆ ವಾಪಸ್ ಬಿಟ್ಟಿಲ್ಲ.