ಅಮಿಗಾದಲ್ಲಿ ಬಿಟ್‌ಪ್ಲೇನ್ ನಕಲು: ಆಕಾರ ಸರಿ, ಬಣ್ಣ ತಪ್ಪು

ಪ್ರಶ್ನೆ: ಸರ್, ಹಳೆಯ ಹೋಮ್ ಕಂಪ್ಯೂಟರ್ ಅಮಿಗಾ 500ಕ್ಕೆ ಸಿ ಭಾಷೆಯಲ್ಲಿ ಗೇಮ್ ಬರೆಯುತ್ತಿದ್ದೇನೆ. ಪರದೆ 320×256, 5 ಪ್ಲೇನ್ (ಪ್ರತಿ ಪಿಕ್ಸೆಲ್‌ನ ಬಣ್ಣದ ಸಂಖ್ಯೆಯ ಒಂದೊಂದು ಬಿಟ್ ಇಡುವ ಪದರ). 3 ಪ್ಲೇನಿನ ಚಿತ್ರವನ್ನು ಚಿತ್ರ ನಕಲಿಸುವ ಬ್ಲಿಟ್‌ಬಿಟ್‌ಮ್ಯಾಪ್ ರೂಟೀನ್ ಬಳಸಿ ಪರದೆಗೆ ಹಾಕಿದರೆ ಆಕಾರ ಸರಿ ಬರುತ್ತದೆ, ಅಲ್ಲಲ್ಲಿ ಬಣ್ಣ ಬೇರೆ. ಹೆಚ್ಚುವರಿ ಮೆಮೊರಿ ಇರುವ ಮೆಷಿನ್ನಿನಲ್ಲಂತೂ ಬರೀ ಕಸ. ಮಿನ್‌ಟರ್ಮ್ (ಮೂಲ, ಗುರಿಯ ಬಿಟ್‌ಗಳನ್ನು ಹೇಗೆ ಸೇರಿಸಬೇಕೆಂಬ ಸಂಕೇತ) ಹೆಕ್ಸ್ ಸಿ0, ಮಾಸ್ಕ್ (ಯಾವ ಪ್ಲೇನ್‌ಗಳು ನಕಲಾಗಬೇಕೆಂಬುದು) ಹೆಕ್ಸ್ ಎಫ್‌ಎಫ್.

ಉತ್ತರ: ನೀವು ಕೊಟ್ಟ ಎರಡು ಬೆಲೆಗಳೂ ಸರಿ. ತೊಂದರೆ ಎರಡು, ಒಂದಕ್ಕೊಂದು ಸಂಬಂಧವಿಲ್ಲ.

ಮೊದಲು ಬಣ್ಣ. ಮಾಸ್ಕ್ ಎಷ್ಟೇ ಇರಲಿ, ಮೂಲ, ಗುರಿ ಎರಡು ಬಿಟ್‌ಮ್ಯಾಪ್‌ಗಳಲ್ಲಿ (ಪ್ಲೇನ್‌ಗಳ ವಿವರ ಇಡುವ ರಚನೆ) ಯಾವುದರ ಡೆಪ್ತ್, ಅಂದರೆ ಪ್ಲೇನ್‌ಗಳ ಸಂಖ್ಯೆ, ಕಡಿಮೆಯೋ ಅಷ್ಟೇ ಪ್ಲೇನ್ ನಕಲಾಗುತ್ತವೆ. 0, 1, 2ನೇ ಪ್ಲೇನ್ ಹೊಸದಾದವು; 3 ಮತ್ತು 4ರಲ್ಲಿ ಹಿನ್ನೆಲೆಯ ಹಳೆ ಬಿಟ್‌ಗಳು ಹಾಗೇ ಉಳಿದವು. ಚಿತ್ರದ ಪಿಕ್ಸೆಲ್ 5 ಇದ್ದು 3ನೇ ಪ್ಲೇನಿನಲ್ಲಿ ಹಳೆಯ 1 ಉಳಿದಿದ್ದರೆ ಕಾಣುವುದು 13ನೇ ಬಣ್ಣ. ಮೂಲ ಬಿಟ್‌ಮ್ಯಾಪ್‌ನ ಡೆಪ್ತ್ 5 ಮಾಡಿ, 3 ಮತ್ತು 4ನೇ ಪ್ಲೇನ್ ಪಾಯಿಂಟರ್‌ಗಳಿಗೆ ಸೊನ್ನೆ ಹಾಕಿ. ಮೂಲದಲ್ಲಿ ಸೊನ್ನೆ ಪಾಯಿಂಟರ್ ಅಂದರೆ ಪೂರ್ತಿ 0 ತುಂಬಿದ ಪ್ಲೇನ್ ಎಂದೇ ರೂಟೀನ್ ತಿಳಿಯುತ್ತದೆ, -1 ಆದರೆ ಪೂರ್ತಿ 1. ಇದಕ್ಕೆ ಒಂದು ಬೈಟ್ ಮೆಮೊರಿಯೂ ಖರ್ಚಾಗದು. ಬಹಳ ಸೊಗಸಾದ ಏರ್ಪಾಡು ಇದು.

ಇನ್ನು ಕಸ. ನಕಲು ಮಾಡುವ ಹಾರ್ಡ್‌ವೇರ್ ಆದ ಬ್ಲಿಟರ್‌ಗೆ ಕಾಣುವುದು ಗ್ರಾಫಿಕ್ಸ್ ಹಾರ್ಡ್‌ವೇರ್ ಮುಟ್ಟಬಲ್ಲ ಚಿಪ್ ರ್‍ಯಾಮ್ ಮಾತ್ರ. ಹೆಚ್ಚುವರಿ ಮೆಮೊರಿ ಇದ್ದರೆ ಪ್ರೋಗ್ರಾಮಿನ ಅರೇಗಳು ಅಲ್ಲಿಗೇ ಹೋಗಿ ಕೂರುತ್ತವೆ. ಆಗ ಬ್ಲಿಟರ್ ಬೇರೆ ಯಾವುದೋ ವಿಳಾಸ ಓದುತ್ತದೆ. ಚಿತ್ರಕ್ಕೆ ಮೆಮೊರಿ ಕೇಳುವಾಗ ಚಿಪ್ ಫ್ಲ್ಯಾಗ್ ಕೊಟ್ಟು, ಡೇಟಾವನ್ನು ಅಲ್ಲಿಗೆ ನಕಲಿಸಿಕೊಳ್ಳಿ. ಚಿಪ್ ಮೆಮೊರಿಯ ಲೆಕ್ಕ ಇಟ್ಟುಕೊಳ್ಳಿ: ಪರದೆಯ ಒಂದು ಪ್ಲೇನ್ 40×256, ಅಂದರೆ 10,240 ಬೈಟ್, ಐದಕ್ಕೆ 51,200.

ಪ್ರಶ್ನೆ: ಎರಡೂ ಸರಿಹೋಯಿತು, ಧನ್ಯವಾದ ಸರ್. ಒಂದೇ ಪ್ಲೇನಿನ ನೆರಳಿನ ಚಿತ್ರವನ್ನು ಪರದೆಯ 4ನೇ ಪ್ಲೇನಿಗೆ ಮಾತ್ರ ಹಾಕುವುದು ಹೇಗೆ? ಮಾಸ್ಕ್ ಹೆಕ್ಸ್ 10 ಕೊಟ್ಟರೆ ಏನೂ ಬರುತ್ತಿಲ್ಲ.

ಉತ್ತರ: ಮಾಸ್ಕ್ ಪ್ಲೇನ್‌ಗಳನ್ನು ಆರಿಸುತ್ತದೆ, ಜಾಗ ಬದಲಿಸುವುದಿಲ್ಲ. ಮೂಲದಲ್ಲಿ 4ನೇ ಪ್ಲೇನೇ ಇಲ್ಲವಲ್ಲ. ಇನಿಟ್‌ಬಿಟ್‌ಮ್ಯಾಪ್‌ನಿಂದ ಡೆಪ್ತ್ 1ರ ತಾತ್ಕಾಲಿಕ ಬಿಟ್‌ಮ್ಯಾಪ್ ಮಾಡಿ, ಅದರ 0ನೇ ಪಾಯಿಂಟರ್‌ಗೆ ಪರದೆಯ 4ನೇ ಪ್ಲೇನಿನ ವಿಳಾಸ ಹಾಕಿ. ಅದನ್ನೇ ಗುರಿಯಾಗಿ ಕೊಟ್ಟು ಮಾಸ್ಕ್ 1 ಇಡಿ.

ಎಡವುವುದು ಇಲ್ಲಿ: ಪರದೆ ಇಂಟರ್‌ಲೀವ್ಡ್ (ಐದೂ ಪ್ಲೇನಿನ ಸಾಲುಗಳು ಮೆಮೊರಿಯಲ್ಲಿ ಒಂದರ ಬೆನ್ನಿಗೊಂದು) ಆಗಿದ್ದರೆ ಅದರ ಸಾಲಿನ ಅಂತರ 40 ಅಲ್ಲ, 200 ಬೈಟ್. ಇನಿಟ್‌ಬಿಟ್‌ಮ್ಯಾಪ್ 40 ಎಂದೇ ಬರೆದಿರುತ್ತದೆ, ಚಿತ್ರ ಐದೂ ಪ್ಲೇನ್‌ಗಳಿಗೆ ಚೆಲ್ಲಾಡುತ್ತದೆ. ಹಾಗಾಗಿ ಈ ಅಂತರ ಹೇಳುವ ಬೈಟ್ಸ್‌ಪರ್‌ರೋ ಬೆಲೆಯನ್ನು ಪರದೆಯ ಬಿಟ್‌ಮ್ಯಾಪ್‌ನಿಂದಲೇ ತೆಗೆದುಕೊಳ್ಳಿ.

ಪ್ರಶ್ನೆ: ನಕಲಾದ ಕೂಡಲೇ ಸಿಪಿಯುನಿಂದ ಆ ಪ್ಲೇನ್ ತಿದ್ದಬಹುದೇ? ಚಿತ್ರ ಪರದೆಯ ಅಂಚು ದಾಟಿದರೆ?

ಉತ್ತರ: ರೂಟೀನ್ ಹಿಂದಿರುಗಿದಾಗ ಬ್ಲಿಟರ್ ಇನ್ನೂ ಕೊನೆಯ ಪ್ಲೇನ್ ಬರೆಯುತ್ತಿರಬಹುದು. ಸಿಪಿಯುನಿಂದ ಮುಟ್ಟುವ ಮುನ್ನ, ಮೆಮೊರಿ ಬಿಡುವ ಮುನ್ನವೂ, ಬ್ಲಿಟರ್ ಮುಗಿಸುವವರೆಗೆ ಕಾಯುವ ವೇಟ್‌ಬ್ಲಿಟ್ ಕರೆಯಲೇಬೇಕು. ಅಂಚನ್ನಂತೂ ಬ್ಲಿಟ್‌ಬಿಟ್‌ಮ್ಯಾಪ್ ನೋಡುವುದೇ ಇಲ್ಲ. ಪಕ್ಕದ ಮೆಮೊರಿಯ ಮೇಲೆ ಬರೆದುಬಿಡುತ್ತದೆ. ಎಕ್ಸ್, ವೈ, ಅಗಲ, ಎತ್ತರಗಳನ್ನು ನೀವೇ ಕತ್ತರಿಸಿ ಕೊಡಿ. ವಿಂಡೋ ಒಳಗೆ ಬರೆಯುವುದಾದರೆ ಬ್ಲಿಟ್‌ಬಿಟ್‌ಮ್ಯಾಪ್‌ರಾಸ್ಟ್‌ಪೋರ್ಟ್ ಬಳಸಿ, ಕತ್ತರಿಸುವ ಕೆಲಸ ಅದೇ ಮಾಡುತ್ತದೆ.