200 ಯುಎಸ್‌ಡಿಟಿ ತರಿಸಿಕೊಳ್ಳಬೇಕು: ಟಿಆರ್‌ಸಿ-20, ಇಆರ್‌ಸಿ-20, ಬಿಇಪಿ-20, ಯಾವುದು ಸರಿ?

ಪ್ರಶ್ನೆ (ವಿಡಿಯೊ ಎಡಿಟರ್, ಸಾಗರ): ನಮಸ್ಕಾರ ಮೇಡಂ. ಹೊರದೇಶದ ಗ್ರಾಹಕರೊಬ್ಬರು ಈ ಸಲ 200 ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಡಿಜಿಟಲ್ ನಾಣ್ಯ) ಕೊಡುತ್ತೇನೆ, ಯಾವ ನೆಟ್‌ವರ್ಕ್ ಹೇಳಿ ಅಂತ ಕೇಳಿದ್ದಾರೆ. ಪಟ್ಟಿಯಲ್ಲಿ ಮೂರು ಹೆಸರಿವೆ. ಖರ್ಚು ಕಡಿಮೆ ಇರುವುದನ್ನು ಹೇಳಿದರೆ ಸಾಕಲ್ವಾ?

ಉತ್ತರ (ಬ್ಲಾಕ್‌ಚೈನ್ ಡೆವಲಪರ್, ಶಿವಮೊಗ್ಗ): ಸಾಕಾಗಲ್ಲ. ದುಡ್ಡು ಎಲ್ಲಿ ಬಂದು ಇಳಿಯುತ್ತದೋ ಆ ಜಾಗ ಯಾವುದನ್ನು ತೆಗೆದುಕೊಳ್ಳುತ್ತದೆ ಅಂತ ಮೊದಲು ನೋಡಿ. ಖರ್ಚಿನ ಲೆಕ್ಕ ಆಮೇಲೆ.

ನಮ್ಮೂರಿನ ಅಡಿಕೆ ಮಂಡಿ ನೆನಪು ಮಾಡಿಕೊಳ್ಳಿ. ಮೂರು ಮಂಡಿ, ಮೂರು ಲೆಕ್ಕದ ಪುಸ್ತಕ. ಒಂದರಲ್ಲಿ ಬರೆದ ಜಮೆ ಇನ್ನೊಂದರಲ್ಲಿ ಕಾಣುವುದಿಲ್ಲ. ಇಲ್ಲೂ ಹಾಗೇ. ಇಆರ್‌ಸಿ-20 ಅಂದರೆ ಇಥೀರಿಯಂ ಅನ್ನುವ ನೆಟ್‌ವರ್ಕ್‌ನ ಪುಸ್ತಕ. 2015ರಲ್ಲಿ ಮುಂದಿಟ್ಟ ನಿಯಮ ಇದು, ಉಳಿದೆರಡೂ ಇದೇ ಅಚ್ಚಿನವು. ಟಿಆರ್‌ಸಿ-20 ಟ್ರಾನ್‌ನದು, ಬಿಇಪಿ-20 ಬಿಎನ್‌ಬಿ ಚೈನ್‌ನದು.

ಈಗ ವಿಳಾಸ ನೋಡಿ. ಟ್ರಾನ್ ವಿಳಾಸ ‘ಟಿ’ ಅಕ್ಷರದಿಂದ ಶುರುವಾಗುತ್ತದೆ, 34 ಅಕ್ಷರ. ಅದನ್ನು ಇಥೀರಿಯಂ ಜಾಗದಲ್ಲಿ ಹಾಕಿದರೆ ವಾಲೆಟ್ಟೇ (ನಾಣ್ಯ ಇಡುವ, ಕಳಿಸುವ ಆ್ಯಪ್) ಬೇಡ ಅನ್ನುತ್ತದೆ. ಅಲ್ಲಿ ತಪ್ಪಾಗುವುದು ಕಡಿಮೆ. ಅಪಾಯ ಇರುವುದು ಇಆರ್‌ಸಿ ಮತ್ತು ಬಿಇಪಿ ನಡುವೆ. ಎರಡೂ ‘0ಎಕ್ಸ್’ ಅಂತ ಶುರು, ಆಮೇಲೆ 40 ಅಕ್ಷರ. ಒಂದಕ್ಷರವೂ ಬದಲಾಗದ ಒಂದೇ ವಿಳಾಸ ಎರಡೂ ಕಡೆ ನಡೆಯುತ್ತದೆ. ಯಾರೂ ತಡೆಯುವುದಿಲ್ಲ, ದುಡ್ಡು ಬೇರೆ ಪುಸ್ತಕಕ್ಕೆ ಹೋಗಿಬಿಡುತ್ತದೆ.

ಎಕ್ಸ್‌ಚೇಂಜ್‌ಗೆ (ನಾಣ್ಯ ಕೊಳ್ಳುವ, ಮಾರುವ ತಾಣ) ತರಿಸುವುದಾದರೆ ಅದರ ಡೆಪಾಸಿಟ್ ಪುಟ ತೆರೆದು, ಅಲ್ಲಿ ಬರೆದಿರುವ ನೆಟ್‌ವರ್ಕ್ ಹೆಸರನ್ನೇ ವಿಳಾಸದ ಜೊತೆ ಕಳಿಸಿ. ಮೂರನ್ನೂ ತೆಗೆದುಕೊಳ್ಳುತ್ತದೆ ಅಂತಾದರೆ, 200ರಷ್ಟು ಮೊತ್ತಕ್ಕೆ ನಾನು ಇಥೀರಿಯಂ ಹೇಳಲಾರೆ. ಅಲ್ಲಿ ಜನಸಂದಣಿ ಇದ್ದ ಹೊತ್ತಿಗೆ ಶುಲ್ಕ ಏರುತ್ತದೆ. ಟ್ರಾನ್ ಅಥವಾ ಬಿಎನ್‌ಬಿ ಚೈನ್ ಸಾಕು.

ಪ್ರಶ್ನೆ (ಅವರೇ): ಸ್ವಂತ ವಾಲೆಟ್‌ಗೆ ತರಿಸಿದರೆ?

ಉತ್ತರ: ತರಿಸಿ, ಆದರೆ ಶುಲ್ಕಕ್ಕೆ ಬೇರೆ ನಾಣ್ಯ ಬೇಕು. ಹೋದ ವಾರ ತೀರ್ಥಹಳ್ಳಿಯ ಹುಡುಗನೊಬ್ಬ ಫೋನ್ ಹಿಡಿದು ಬಂದಿದ್ದ. ಪರದೆಯ ಮೇಲೆ 150 ಯುಎಸ್‌ಡಿಟಿ ಚೆನ್ನಾಗಿ ಕಾಣ್ತಿದೆ, ಕಳಿಸು ಅಂತ ಒತ್ತಿದರೆ ಕೆಂಪು ಅಕ್ಷರ. ಟ್ರಾನ್‌ನಲ್ಲಿ ಶುಲ್ಕ ಟಿಆರ್‌ಎಕ್ಸ್‌ನಲ್ಲಿ ಹೋಗುತ್ತದೆ, ಅವನ ಹತ್ತಿರ ಅದು ಸೊನ್ನೆ. ಇಥೀರಿಯಂಗೆ ಇಟಿಎಚ್, ಬಿಎನ್‌ಬಿ ಚೈನ್‌ಗೆ ಬಿಎನ್‌ಬಿ. ಸ್ವಲ್ಪ ಮೊದಲೇ ಇಟ್ಟುಕೊಂಡಿರಿ. ಇನ್ನೊಂದು: ಟ್ರಾನ್‌ನಲ್ಲಿ ಯುಎಸ್‌ಡಿಟಿ ಒಂದೂ ಇಲ್ಲದ ಖಾಲಿ ವಿಳಾಸಕ್ಕೆ ಕಳಿಸಿದರೆ ಹೆಚ್ಚುಕಡಿಮೆ ಎರಡರಷ್ಟು ಎನರ್ಜಿ (ಟ್ರಾನ್ ಶುಲ್ಕ ಲೆಕ್ಕ ಹಾಕುವ ಅಳತೆ) ಖರ್ಚಾಗುತ್ತದೆ. ಕಳಿಸುವವರು ಗಾಬರಿ ಆಗದಿರಲಿ ಅಂತ ಹೇಳಿಡಿ.

ಪ್ರಶ್ನೆ (ಹೊಸನಗರದಿಂದ): ಅಕ್ಕಾ, ನಾನು ಆ ತಪ್ಪು ಮಾಡಿಯೇ ಬಿಟ್ಟೆ. ಇಆರ್‌ಸಿ ವಿಳಾಸಕ್ಕೆ ಬಿಇಪಿಯಲ್ಲಿ ಕಳಿಸಿದೆ. ಹೋಯ್ತಾ?

ಉತ್ತರ: ಗಾಬರಿ ಬೇಡ ತಮ್ಮಾ. ಆ ವಿಳಾಸ ನಿನ್ನ ಸ್ವಂತ ವಾಲೆಟ್‌ದಾ? ಹಾಗಿದ್ದರೆ ಏನೂ ಹೋಗಿಲ್ಲ. ಎರಡೂ ಪುಸ್ತಕಕ್ಕೆ ಕೀಲಿ ಒಂದೇ. ಅದೇ ವಾಲೆಟ್‌ನಲ್ಲಿ ಬಿಎನ್‌ಬಿ ಚೈನ್ ಸೇರಿಸು, ಕಾಣುತ್ತದೆ. ಎಕ್ಸ್‌ಚೇಂಜ್ ವಿಳಾಸವಾದರೆ ಕೀಲಿ ಅವರ ಕೈಲಿದೆ. ವಹಿವಾಟಿನ ಹ್ಯಾಶ್ (ಅದರ ಗುರುತಿನ ಸಂಖ್ಯೆ) ಕೊಟ್ಟು ಅವರ ಸಹಾಯವಾಣಿಗೆ ಇವತ್ತೇ ಬರಿ. ವಾಪಸ್ ತೆಗೆದುಕೊಡುವುದು ಅವರಿಗೆ ಬಿಟ್ಟಿದ್ದು. ಈ ಪೋಸ್ಟ್ ನೋಡಿ ‘ನಾನು ತೆಗೆಸಿಕೊಡ್ತೀನಿ, ನಿನ್ನ 12 ಪದ ಕಳಿಸು’ ಅಂತ ಯಾರಾದರೂ ಇನ್‌ಬಾಕ್ಸಿಗೆ ಬಂದರೆ ಬ್ಲಾಕ್ ಮಾಡು. ಆ ಪದಗಳೇ ನಿನ್ನ ವಾಲೆಟ್‌ನ ಕೀಲಿ, ಅವು ನನಗೂ ಬೇಡ.

ಪ್ರಶ್ನೆ (ಸಾಗರದವರೇ): ತೆರಿಗೆ?

ಉತ್ತರ: ಇದೆ. ಮಾರಿದಾಗ ಬಂದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30. ಅದೇ ವರ್ಷದ ಜುಲೈನಿಂದ ಶೇ. 1 ಟಿಡಿಎಸ್ ಕೂಡ ಬಂತು. ನಿಮ್ಮದು ದುಡಿಮೆಯ ದುಡ್ಡು, ಹಾಗಾಗಿ ಬಂದ ದಿನದ ಬೆಲೆ ಬರೆದಿಟ್ಟುಕೊಂಡು ಸಿಎ ಹತ್ತಿರ ಹೋಗಿ. ಗ್ರಾಹಕರು ಬ್ಯಾಂಕ್ ಮೂಲಕ ಕೊಡಲು ಒಪ್ಪಿದರೆ ನಾನಂತೂ ಅದನ್ನೇ ಆರಿಸುತ್ತೇನೆ.

ಇಲ್ಲ, ಹೀಗೇ ಬರಲಿ ಅಂದರೆ ಮೊದಲು 5 ಯುಎಸ್‌ಡಿಟಿ ಮಾತ್ರ ಕಳಿಸಲು ಹೇಳಿ. ಬಂದ ಮೇಲೆ ಉಳಿದ 195. ಎರಡನೇ ಸಲ ಹಳೆ ವಹಿವಾಟಿನ ಪಟ್ಟಿಯಿಂದ ವಿಳಾಸ ಕಾಪಿ ಮಾಡಬಾರದು ಅಂತಲೂ ಹೇಳಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೋಲುವ ವಿಳಾಸದಿಂದ ಕಳ್ಳರು ಸೊನ್ನೆ ಮೊತ್ತ ಕಳಿಸಿ ಆ ಪಟ್ಟಿಯಲ್ಲಿ ಕೂತಿರುತ್ತಾರೆ. ನೀವು ಕೊಟ್ಟ ವಿಳಾಸವನ್ನೇ ನಡುವಿನ ಅಕ್ಷರ ಸಮೇತ ನೋಡಿ ಹಾಕಲಿ.